ಒಂದೇ ಎಕರೆ, ಇಪ್ಪತ್ತು ಬೆಳೆ!

ಬೀದರಿನಿಂದ ಸುಮಾರು 30 ಕಿಲೋಮೀಟರ್ ಹೋದರೆ ತೆಲಂಗಾಣದ ಜಹೀರಾಬಾದ್. ಹೈದರಾಬಾದಿಗೆ ಹೊರಟವರು ಅಲ್ಲಿ ಚಹಾ ಕುಡಿದು ಮುಂದಕ್ಕೆ ಹೋಗಿಬಿಡುತ್ತಾರೆ. ದಯವಿಟ್ಟು ಹೋಗಬೇಡಿ! ಹೆದ್ದಾರಿ ಬಿಟ್ಟು ಪಸ್ತಾಪುರದ ಕಡೆ, ಮಚನೂರಿನ ಕಡೆ ಇಳಿಯಿರಿ. ಕೆಂಪು ನೆಲ, ಕಲ್ಲು ಜಾಸ್ತಿ, ನೀರು ಮಳೆಯದ್ದು ಮಾತ್ರ. ಆ ನೆಲದ ಒಂದೇ ಎಕರೆಯಲ್ಲಿ ಇಪ್ಪತ್ತು ಬಗೆಯ ಬೆಳೆ ನಿಂತಿರುತ್ತದೆ!

ಜೋಳದ ಸಾಲು, ಮಗ್ಗುಲಿಗೆ ತೊಗರಿ, ನಡುನಡುವೆ ನವಣೆ, ಸಾಮೆ, ಹೆಸರು, ಉದ್ದು, ಅಲಸಂದೆ, ಎಳ್ಳು, ಪುಂಡಿ. ಜೋಳದ ದಂಟಿಗೇ ಅವರೆ ಬಳ್ಳಿ ಸುತ್ತಿಕೊಂಡು ಮೇಲೇರುತ್ತದೆ. ತೊಗರಿಯ ಬೇರು ಆಳಕ್ಕಿಳಿದು ತೇವ ಹುಡುಕುತ್ತದೆ, ನವಣೆಗೆ ಮೇಲ್ಮಣ್ಣಿನ ಹಸಿಯೇ ಸಾಕು. ಬೇಳೆಕಾಳಿನ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆ. ಮಳೆ ಕೈಕೊಟ್ಟರೂ ಒಂದಲ್ಲ ಒಂದು ಕೈಗೆ ಹತ್ತುತ್ತದೆ. ನಮ್ಮ ಅಕ್ಕಡಿ ಬೇಸಾಯವೇ ಇದು. ಆದರೆ ಇಷ್ಟು ದಟ್ಟವಾಗಿ, ಇಷ್ಟು ಲೆಕ್ಕಾಚಾರದಿಂದ!

ಈ ಲೆಕ್ಕ ಯಾರದು? ದಲಿತ ಹೆಣ್ಣುಮಕ್ಕಳದು. ಒಂದು ಕಾಲಕ್ಕೆ ಬೇರೆಯವರ ಹೊಲದಲ್ಲಿ ಕೂಲಿ ಮಾಡಿ, ಬೇಸಿಗೆಯಲ್ಲಿ ಜೋಳಕ್ಕಾಗಿ ಕೈಚಾಚಿ ನಿಂತವರದು. 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಇಲ್ಲಿ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನಲ್ಲಿ ಹುಟ್ಟಿದವರು, ದೂರದರ್ಶನದಲ್ಲಿ ನಿರ್ಮಾಪಕರಾಗಿದ್ದವರು. ಹಳ್ಳಿಹಳ್ಳಿಯಲ್ಲೂ ಮಹಿಳಾ ಸಂಘಗಳು ಎದ್ದವು. ಸುಮಾರು 75 ಹಳ್ಳಿ, ಸುಮಾರು 5,000 ಹೆಣ್ಣುಮಕ್ಕಳು!

ಅವರ ಬೀಜದ ಕೋಣೆಗೆ ಬನ್ನಿ. ಬಿದಿರಿನ ಬುಟ್ಟಿಗೆ ಮಣ್ಣು, ಸಗಣಿ ಬಳಿದು ಒಣಗಿಸಿರುತ್ತಾರೆ. ಒಳಗೆ ಬೀಜ, ಬೀಜದ ಜೊತೆ ಬೂದಿ, ಬೇವಿನ ಎಲೆ. ಕೊಯ್ಲಿಗೆ ಮುಂಚೆಯೇ ಹೊಲದಲ್ಲಿ ನಡೆದು ಯಾವ ತೆನೆ ಬೀಜಕ್ಕೆ ಎಂದು ಆರಿಸಿಟ್ಟಿರುತ್ತಾರೆ. ಬೀಜ ಬೇಕಾದವರು ದುಡ್ಡು ತರುವುದು ಬೇಡ. ಒಂದು ಸೇರು ಒಯ್ದರೆ ಸುಗ್ಗಿಯಾದ ಮೇಲೆ ಎರಡು ಸೇರು ತಂದು ಹಾಕಬೇಕು, ಅಷ್ಟೇ. ಕೈಚಾಚಿದ್ದವರು ಈಗ ಊರಿಗೇ ಬೀಜ ಕೊಡುವವರು! ನನ್ನ ಪಾಲಿಗೆ ಇಡೀ ಕಥೆಯ ತಿರುಳು ಈ ಬುಟ್ಟಿಯಲ್ಲೇ ಇದೆ.

1990ರ ದಶಕದಲ್ಲಿ ಅವರು ಇನ್ನೂ ಮುಂದೆ ಹೋದರು. ಬೀಳು ಬಿದ್ದ ಹೊಲಗಳ ಒಡೆಯರಿಗೆ ಸಾಗುವಳಿಗೆ ಹಣ ಕೊಟ್ಟರು, ಸಾಲವನ್ನು ಜೋಳದ ರೂಪದಲ್ಲೇ ವಸೂಲು ಮಾಡಿದರು. ಆ ಜೋಳ ಊರಲ್ಲೇ ಉಳಿಯಿತು, ಬೇಸಿಗೆಯಲ್ಲಿ ಬಡವರ ಮನೆಗೆ ಅಗ್ಗದಲ್ಲಿ ಹೋಯಿತು. ಯಾರ ಮನೆ ಎಷ್ಟು ಬಡವು ಎಂದು ಗೊತ್ತುಮಾಡಿದ್ದು ಕಚೇರಿಯಲ್ಲ, ಊರವರೇ ಸೇರಿ ಕೂತು. ದೂರದಿಂದ ಬರುವ ಪಡಿತರ ಅಕ್ಕಿಗೆ ಇದಕ್ಕಿಂತ ಗಟ್ಟಿ ಉತ್ತರ ನಾನು ಕಂಡಿಲ್ಲ.

ಮಚನೂರಿನಲ್ಲಿ 1993ರಿಂದ ‘ಪಚ್ಚಸಾಲೆ’ ಎಂಬ ಶಾಲೆ. ಅಲ್ಲಿ ಪಾಠದ ಜೊತೆಗೇ ಬಡಗಿ ಕೆಲಸ, ಕುಂಬಾರಿಕೆ, ಹೊಲಿಗೆ, ನಾಟಿ ಔಷಧಿ, ಬೇಸಾಯ!

ಅದೇ ಮಚನೂರಿನಲ್ಲಿ ಒಂದು ರೇಡಿಯೊ ಕೇಂದ್ರವೂ ಇದೆ. ಗಾಳಿಯ ಅಲೆಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು, ಆದರೂ ಪರವಾನಗಿ ಸಿಗಲಿಲ್ಲ. ಇವರು ಸುಮ್ಮನೆ ಕೂರಲಿಲ್ಲ. ಯುನೆಸ್ಕೊ ನೆರವಿನಿಂದ ಸ್ಟುಡಿಯೊ ಕಟ್ಟಿಕೊಂಡು, ಕ್ಯಾಸೆಟ್ಟಿನಲ್ಲಿ ಕಾರ್ಯಕ್ರಮ ಧ್ವನಿಮುದ್ರಿಸಿ ಸಂಘದ ಸಭೆಗಳಲ್ಲಿ ಕೇಳಿಸಿದರು. ವರ್ಷಗಟ್ಟಲೆ! ಕಡೆಗೆ 2008ರ ಅಕ್ಟೋಬರ್ 15ರಂದು ‘ಸಂಗಂ ರೇಡಿಯೊ’ ಗಾಳಿಗೆ ಬಂತು. ಉದ್ಘಾಟಿಸಿದವರು ಯಾರು ಗೊತ್ತೆ? ಆ 1995ರ ತೀರ್ಪು ಬರೆದ ನ್ಯಾಯಮೂರ್ತಿ ಪಿ.ಬಿ. ಸಾವಂತ್!

ಕ್ಯಾಮೆರಾ ಕೂಡ ಬಿಡಲಿಲ್ಲ. ಓದುಬರಹ ಬಾರದ ಹೆಂಗಸರು ಚಿತ್ರೀಕರಣ ಕಲಿತು, ಕೋನಗಳಿಗೆ ತಮ್ಮದೇ ಹೆಸರಿಟ್ಟರು. ಮೇಲಿನಿಂದ ಕೆಳಗೆ ನೋಡಿದರೆ ಪಟೇಲ ಶಾಟ್, ಕೆಳಗಿನಿಂದ ಮೇಲೆ ನೋಡಿದರೆ ಜೀತದಾಳಿನ ಶಾಟ್, ಕಣ್ಣಿನ ಮಟ್ಟಕ್ಕೆ ಹಿಡಿದರೆ ಸಂಘದ ಶಾಟ್. ಯಾವ ಸಿನಿಮಾ ಶಾಲೆ ಇದನ್ನು ಕಲಿಸೀತು? ವಾರಂಗಲ್ಲಿನ ಬಿಟಿ ಹತ್ತಿ ರೈತರ ಸಂಕಟವನ್ನು ಅವರು ಇದೇ ಕಣ್ಣಿನಿಂದ ತೋರಿಸಿದರು.

2019ರಲ್ಲಿ ಇವರ ಸಂಘಗಳಿಗೆ ವಿಶ್ವಸಂಸ್ಥೆಯ ಇಕ್ವೇಟರ್ ಪ್ರಶಸ್ತಿ ಬಂತು. 2023ರ ಮಾರ್ಚಿನಲ್ಲಿ ಸತೀಶ್ ತೀರಿಕೊಂಡರು. ಕೆಲಸ ಹೆಣ್ಣುಮಕ್ಕಳ ಕೈಯಲ್ಲಿತ್ತು, ಅವರ ಕೈಯಲ್ಲೇ ಇದೆ.

ಸಂಕ್ರಾಂತಿಯ ಹೊತ್ತಿಗೆ ಅಲಂಕರಿಸಿದ ಎತ್ತಿನ ಗಾಡಿಗಳಲ್ಲಿ ಬೀಜಗಳನ್ನು ಹೊತ್ತು ಜಾತ್ರೆ ಹೊರಡುತ್ತದೆ, ಸುಮಾರು ಒಂದು ತಿಂಗಳು ಊರೂರು ಸುತ್ತುತ್ತದೆ. ಬೀದರ್, ಕಲಬುರಗಿ ಸೀಮೆಯ ಓದುಗರೇ, ನಿಮ್ಮ ಹೊಲದ ಬೆಳೆಗಳೂ ಇವೇ, ದಾರಿಯೂ ಹತ್ತಿರ. ಮುಂದಿನ ಸಂಕ್ರಾಂತಿಗೆ ಹೋಗಿ, ಮನೆಯ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಬೀಜ, ಬೆಳೆಯ ಬಗ್ಗೆ ಅಲ್ಲಿನವರು ಏನಾದರೂ ಕೇಳಿದರೆ ಉತ್ತರ ಆಕೆಗೇ ಗೊತ್ತಿರುತ್ತದೆ.