ಸುರಪುರ: ಸಂಸ್ಥಾನದ ಚರಿತ್ರೆ ಮತ್ತು ಕಾಲೇಜು ಊರಿನ ವರ್ತಮಾನ

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಣ ಸಗರನಾಡಿನಲ್ಲಿ, ಕಪ್ಪು ಎರೆಭೂಮಿಯ ಬಯಲಿನಿಂದ ಮೇಲೆದ್ದ ಬಂಡೆಗುಡ್ಡಗಳ ನಡುವೆ ಸುರಪುರ ಪಟ್ಟಣವು ನೆಲೆಗೊಂಡಿದೆ. ರಂಗಂಪೇಟೆ ಮತ್ತು ತಿಮ್ಮಾಪುರಗಳು ಇಂದು ಇದರೊಡನೆ ಬೆಸೆದುಕೊಂಡಿವೆ. ಒಂದು ಕಾಲಕ್ಕೆ ಸಂಸ್ಥಾನದ ರಾಜಧಾನಿಯಾಗಿದ್ದ ಈ ಊರು ಈಗ ತಾಲ್ಲೂಕು ಕೇಂದ್ರ. ಸುತ್ತಲಿನ ಹಳ್ಳಿಗಳ ಮಕ್ಕಳು ಓದಲು ಬರುವ ಕಾಲೇಜು ಊರು. ಈ ಊರಿನ ಚರಿತ್ರೆಯನ್ನು ಬಹುಮಟ್ಟಿಗೆ ಹೊರಗಿನಿಂದ ಬಂದವರೇ ಬರೆದರು. ಆ ಬರವಣಿಗೆಯಲ್ಲಿ ಉಳಿದ ಖಾಲಿ ಜಾಗವನ್ನು ತುಂಬಬೇಕಾದ ಹೊಣೆ ಇಂದಿನ ಊರಿನದು ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪರಿಸರದ ಪ್ರಾಚೀನತೆ ಅಸಾಧಾರಣವಾದುದು. ಹಿಂದೆ ಸುರಪುರ ತಾಲ್ಲೂಕಿಗೆ ಸೇರಿದ್ದ ಹುಣಸಗಿ ಕಣಿವೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ದಶಕಗಳ ಕಾಲ ಶೋಧ ನಡೆಸಿದರು. ಅಲ್ಲಿನ ಇಸಾಂಪುರದ ಶಿಲಾಯುಧ ನೆಲೆಯ ಕಾಲವನ್ನು ಸುಮಾರು 12 ಲಕ್ಷ ವರ್ಷಗಳಷ್ಟು ಹಿಂದಕ್ಕೆ ಅಂದಾಜಿಸಲಾಗಿದೆ. ಬೂದಿಹಾಳದಲ್ಲಿ ನವಶಿಲಾಯುಗದ ಬೂದಿದಿಬ್ಬವಿದೆ. ರಾಜನಕೋಳೂರಿನಲ್ಲಿ ಬೃಹತ್ ಶಿಲಾಸಮಾಧಿಗಳಿವೆ. ಆದ್ಯ ವಚನಕಾರರಲ್ಲಿ ಒಬ್ಬನಾದ ಜೇಡರ ದಾಸಿಮಯ್ಯನ ಊರು ಮುದನೂರು ಮತ್ತು ತತ್ತ್ವಪದ ಪರಂಪರೆಯ ಕೊಡೇಕಲ್ಲು ಇದೇ ಸೀಮೆಗೆ ಸೇರಿದವು. ಹೀಗೆ ಸಂಸ್ಥಾನವು ಹುಟ್ಟುವ ಮೊದಲೇ ಈ ನೆಲಕ್ಕೆ ದೀರ್ಘವಾದ ಬದುಕಿತ್ತು.

ಸುರಪುರದ ಅರಸರು ಬೇಡ ನಾಯಕರು. ಅವರ ಮೊದಲಿನ ಬಲವಾದ ನೆಲೆ ಸಮೀಪದ ವಾಗಣಗೇರಿ. 1705ರ ಫೆಬ್ರುವರಿಯಲ್ಲಿ ಮೊಗಲ್ ಸಾಮ್ರಾಟ ಔರಂಗಜೇಬನು ಸ್ವತಃ ಬಂದು ಈ ಕೋಟೆಗೆ ಮುತ್ತಿಗೆ ಹಾಕಿದನು. ಪಿಡ್ಡನಾಯಕನ ಪಡೆ ಸುಮಾರು ಮೂರು ತಿಂಗಳು ಪ್ರತಿರೋಧ ಒಡ್ಡಿತು. ಮರಾಠರ ನೆರವೂ ಅದಕ್ಕಿತ್ತು. ಏಪ್ರಿಲ್ ಕೊನೆಗೆ ಕೋಟೆ ಮೊಗಲರ ವಶವಾದಾಗ ನಾಯಕನು ತನ್ನವರೊಡನೆ ರಾತ್ರಿಯಲ್ಲಿ ಪಾರಾಗಿ ಹೋಗಿದ್ದನು. ಸಾಮ್ರಾಟನ ಕೈಗೆ ಸಿಕ್ಕಿದ್ದು ಬರಿದಾದ ಕೋಟೆ. ಅವನು ಸ್ವತಃ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಇದು. ಅನಂತರ ಹತ್ತಿರದ ದೇವಾಪುರದಲ್ಲಿ ಬೀಡುಬಿಟ್ಟಿದ್ದಾಗ ಅವನು ತೀವ್ರವಾಗಿ ಕಾಯಿಲೆ ಬಿದ್ದನು. 1707ರಲ್ಲಿ ಮರಣ ಹೊಂದಿದನು. ಈ ಘಟನೆಗಳ ವಿವರ ನಮಗೆ ದೊರೆಯುವುದು ಮುಖ್ಯವಾಗಿ ಪಾರಸಿ ಚರಿತ್ರಕಾರರಿಂದ. ಗೆಲ್ಲಲು ಬಂದವರ ಲೇಖನಿಯಲ್ಲಿ ನಾಯಕರು ದಂಗೆಕೋರರಾಗಿ ಕಾಣುವುದು ಸಹಜವೇ ಆಗಿದೆ.

ವಾಗಣಗೇರಿಯ ಬಳಿಕ ಸುರಪುರವು ರಾಜಧಾನಿಯಾಗಿ ಬೆಳೆಯಿತು. ಅರಮನೆ, ವೇಣುಗೋಪಾಲಸ್ವಾಮಿ ದೇವಾಲಯ, ಪೇಟೆಗಳು ರೂಪುಗೊಂಡವು. ಅರಸರ ಆಶ್ರಯದಲ್ಲಿ ಗರುಡಾದ್ರಿ ಮನೆತನದ ಚಿತ್ರಕಾರರು ಬಂಗಾರದ ಲೇಪವುಳ್ಳ ಸೂಕ್ಷ್ಮ ರಚನೆಗಳಿಂದ ‘ಸುರಪುರ ಶೈಲಿ’ ಎಂದೇ ಗುರುತಿಸಲಾಗುವ ಚಿತ್ರಪರಂಪರೆಯನ್ನು ಬೆಳೆಸಿದರು.

1842ರಲ್ಲಿ ಅರಸ ಕೃಷ್ಣಪ್ಪ ನಾಯಕನು ತೀರಿಕೊಂಡನು. ಉತ್ತರಾಧಿಕಾರಿ ವೆಂಕಟಪ್ಪ ನಾಯಕನು ಇನ್ನೂ ಬಾಲಕ. ಆಡಳಿತವನ್ನು ನೋಡಿಕೊಳ್ಳಲು ಹೈದರಾಬಾದಿನ ರೆಸಿಡೆಂಟನು ಕಳುಹಿಸಿದ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್. 1853ರವರೆಗೆ ಇಲ್ಲಿದ್ದ ಈತನು ಕಂದಾಯ ವ್ಯವಸ್ಥೆಯನ್ನು ಸರಿಪಡಿಸಿದನು, ಬೋನಾಳ ಕೆರೆಯನ್ನು ವಿಸ್ತರಿಸಿದನು, ಸುತ್ತಲಿನ ಶಿಲಾಸಮಾಧಿಗಳನ್ನು ಪರಿಶೀಲಿಸಿ ಲೇಖನಗಳನ್ನು ಬರೆದನು. ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆ ಇಂದಿಗೂ ‘ಟೇಲರ್ ಮಂಜಿಲ್’ ಎಂದೇ ಪರಿಚಿತ. ಬಾಲಕ ಅರಸನು ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನೆಂಬುದು ಟೇಲರನ ಆತ್ಮಕಥೆಯಿಂದಲೇ ತಿಳಿದುಬರುತ್ತದೆ.

ಆ ಬಾಲಕನೇ ಮುಂದೆ ಬ್ರಿಟಿಷರ ವಿರುದ್ಧ ನಿಂತನು. 1858ರ ಫೆಬ್ರುವರಿ 8ರಂದು ಸುರಪುರದಲ್ಲಿ ಯುದ್ಧ ನಡೆದು ಕ್ಯಾಪ್ಟನ್ ನ್ಯೂಬೆರಿ ಸತ್ತನು. ಹೆಚ್ಚಿನ ಸೈನ್ಯ ಬರುತ್ತಿದ್ದಂತೆ ಊರು ಬ್ರಿಟಿಷರ ವಶವಾಯಿತು. ಅರಸನು ಹೈದರಾಬಾದಿಗೆ ಹೋದನು. ಅಲ್ಲಿ ಅವನನ್ನು ಸೆರೆಹಿಡಿದು ಬ್ರಿಟಿಷರಿಗೆ ಒಪ್ಪಿಸಲಾಯಿತು. ಮರಣದಂಡನೆಯನ್ನು ಇಳಿಸಿ, ಕೊನೆಗೆ ಚೆಂಗಲ್‌ಪಟ್ಟಿನಲ್ಲಿ ನಾಲ್ಕು ವರ್ಷಗಳ ಸೆರೆವಾಸವನ್ನು ವಿಧಿಸಲಾಯಿತು. ಆದರೆ ಅಲ್ಲಿಗೆ ಒಯ್ಯುವ ದಾರಿಯಲ್ಲಿಯೇ, ಅದೇ ವರ್ಷದ ಮೇ ತಿಂಗಳಿನಲ್ಲಿ, ಅವನು ಗುಂಡೇಟಿನಿಂದ ಮೃತನಾದನು. ಬ್ರಿಟಿಷರ ಪ್ರಕಾರ ಆ ಗುಂಡು ಅವನ ಕೈಯಿಂದಲೇ ಹಾರಿದ್ದು. ಊರಿನ ನೆನಪು ಅದನ್ನು ಒಪ್ಪಿಲ್ಲ. 1860ರಲ್ಲಿ ಸಂಸ್ಥಾನವನ್ನು ನಿಜಾಮನಿಗೆ ಬಿಟ್ಟುಕೊಡಲಾಯಿತು.

ಸಂಸ್ಥಾನ ಹೋದ ಮೇಲೆ ಊರಿಗೆ ಉಳಿದದ್ದು ಕಚೇರಿ. ಆಶ್ರಯ ತಪ್ಪಿದ ಚಿತ್ರಕಲೆ ಕ್ರಮೇಣ ಕ್ಷೀಣಿಸಿತು. 1871ರಲ್ಲಿ ರಾಯಚೂರನ್ನು ತಲುಪಿದ ಮುಂಬಯಿ ರೈಲುಮಾರ್ಗ ಯಾದಗಿರಿಯ ಮೂಲಕ ಹಾದುಹೋಯಿತು. ಸುರಪುರವು ರಸ್ತೆಯನ್ನೇ ನೆಚ್ಚಿಕೊಂಡಿತು. ಹೈದರಾಬಾದ್ ರಾಜ್ಯದಲ್ಲಿ ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯ ಭಾಷೆಯೂ ಅದೇ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು ಎಂಬ ಸ್ಥಿತಿಯಲ್ಲಿ ಹಳ್ಳಿಯ ಬಡಮಗುವಿಗೆ ಓದು ದೂರವೇ ಉಳಿಯಿತು. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಕೊನೆಗೊಂಡಿತು. 1956ರ ನವೆಂಬರ್ 1ರಂದು ಈ ಭಾಗ ಕನ್ನಡ ರಾಜ್ಯದಲ್ಲಿ ಸೇರಿತು. ಆಮೇಲಷ್ಟೇ ಕನ್ನಡದ ಶಿಕ್ಷಣ ಇಲ್ಲಿ ವ್ಯಾಪಕವಾಗಲು ಸಾಧ್ಯವಾಯಿತು.

1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವು ಸ್ಥಾಪನೆಗೊಂಡದ್ದು ಈ ಸೀಮೆಯ ಉನ್ನತ ಶಿಕ್ಷಣದಲ್ಲಿ ಮುಖ್ಯ ಘಟ್ಟ. ಸುರಪುರದ ಶ್ರೀ ಪ್ರಭು ಕಲಾ, ವಿಜ್ಞಾನ ಮತ್ತು ಜೆ.ಎಂ. ಬೋಹ್ರಾ ವಾಣಿಜ್ಯ ಮಹಾವಿದ್ಯಾಲಯದಂತಹ ಸಂಸ್ಥೆಗಳು ಪದವಿ ಶಿಕ್ಷಣವನ್ನು ಮನೆಬಾಗಿಲಿಗೆ ತಂದವು. 2009ರ ಡಿಸೆಂಬರ್ 30ರಂದು ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು ಸೇರಿ ಯಾದಗಿರಿ ಜಿಲ್ಲೆಯಾಯಿತು. ಹುಣಸಗಿ ಅನಂತರ ಪ್ರತ್ಯೇಕ ತಾಲ್ಲೂಕಾಯಿತು. 2012ರ ಸಂವಿಧಾನ ತಿದ್ದುಪಡಿಯಿಂದ ದೊರೆತ 371(ಜೆ) ವಿಧಿಯು ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ಈ ಭಾಗದವರಿಗೆ ಮೀಸಲಾತಿ ಒದಗಿಸಿತು. ಆದರೂ 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 52 ಮಾತ್ರ, ರಾಜ್ಯದ ಪ್ರಮಾಣ ಶೇ. 75ಕ್ಕೂ ಹೆಚ್ಚು. ರಾಜ್ಯದಲ್ಲಿ ಅತಿ ಕಡಿಮೆ ಸಾಕ್ಷರತೆ ಇದೇ ಜಿಲ್ಲೆಯದಾಗಿತ್ತು.

ಆರ್ಥಿಕ ಬದುಕಿನಲ್ಲಿಯೂ ಇಂತಹುದೇ ಇಬ್ಬಗೆ ಕಾಣುತ್ತದೆ. 1982ರಲ್ಲಿ ಪೂರ್ಣಗೊಂಡ ನಾರಾಯಣಪುರ ಅಣೆಕಟ್ಟಿನ ಎಡದಂಡೆ ಕಾಲುವೆಯಿಂದ, ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ಭತ್ತ ಬಂದಿತು. ನೀರು ದಕ್ಕದ ಊರುಗಳಿಂದ ಕೂಲಿ ಕುಟುಂಬಗಳು ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವುದು ನಿಂತಿಲ್ಲ. ತಂದೆತಾಯಿಯರೊಡನೆ ಮಕ್ಕಳೂ ಹೊರಟಾಗ ಮೊದಲು ತಪ್ಪುವುದು ಶಾಲೆ. ಆದ್ದರಿಂದ ಇಲ್ಲಿ ಪದವಿ ತರಗತಿಯವರೆಗೆ ಬಂದ ವಿದ್ಯಾರ್ಥಿಯ ಹಿಂದೆ ಬಹುಪಾಲು ಒಂದು ಕುಟುಂಬದ ಕಷ್ಟಸಹಿಷ್ಣುತೆ ಇರುತ್ತದೆ.

ಹಬ್ಬದ ಬದುಕು ಮಾತ್ರ ಊರನ್ನು ಒಂದಾಗಿ ಹಿಡಿದಿದೆ. ವೇಣುಗೋಪಾಲಸ್ವಾಮಿಯ ಜಾತ್ರೆಯ ಹಾಲೋಕುಳಿಯಲ್ಲಿ ಎತ್ತರದ ಕಂಬಗಳನ್ನು ಏರುವ ಸಾಹಸವನ್ನು ನೋಡಲು ಸುತ್ತಲ ಜನ ಇಂದಿಗೂ ಸೇರುತ್ತಾರೆ.

ಈಗ ಮೂಲ ಪ್ರಶ್ನೆಗೆ ಬರಬಹುದು. ಮೊಗಲ್ ಚರಿತ್ರಕಾರ, ಇಂಗ್ಲಿಷ್ ಅಧಿಕಾರಿ, ಪುಣೆಯ ಪುರಾತತ್ತ್ವಜ್ಞ ಇವರೆಲ್ಲರ ಬರಹಗಳು ಅಮೂಲ್ಯವೇ. ಕನ್ನಡದಲ್ಲಿ ಕಪಟರಾಳ ಕೃಷ್ಣರಾಯರಂತಹ ವಿದ್ವಾಂಸರು ಸಂಸ್ಥಾನದ ಇತಿಹಾಸವನ್ನು ಕಟ್ಟಿಕೊಟ್ಟಿದ್ದಾರೆ. ಆದರೆ ಕೋಟೆಯನ್ನು ಕಾದ ಬೇಡ ಕುಟುಂಬಗಳು, ಬಣ್ಣ ಅರೆದ ಚಿತ್ರಕಾರರು, ರಂಗಂಪೇಟೆಯ ವರ್ತಕರು, ಗುಳೆ ಹೋದವರು ಈ ಚರಿತ್ರೆಯಲ್ಲಿ ಹೆಸರಿಲ್ಲದೆ ಉಳಿದಿದ್ದಾರೆ. ಅವರ ಕಡೆಯ ಆಧಾರಗಳು ಮನೆಗಳ ಹಳೆಯ ಕಾಗದಪತ್ರಗಳಲ್ಲಿ, ಓಣಿಗಳ ಹೆಸರುಗಳಲ್ಲಿ, ಹಿರಿಯರ ಹೇಳಿಕೆಗಳಲ್ಲಿ ಹರಡಿಕೊಂಡಿವೆ. ಒಬ್ಬ ಹಿರಿಯರು ತೀರಿದರೆ, ಒಂದು ಹಳೆಯ ಮನೆ ಬಿದ್ದರೆ ಅದರೊಡನೆ ಅವೂ ಹೋಗುತ್ತವೆ.

ಇದನ್ನು ಸಂಗ್ರಹಿಸಲು ದೊಡ್ಡ ಯೋಜನೆ ಬೇಕಿಲ್ಲ. ಪದವಿ ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿ ತನ್ನ ಹಳ್ಳಿಯ ಸ್ಥಳನಾಮ, ಗುಡಿ-ದರ್ಗಾಗಳ ಐತಿಹ್ಯ, ಕುಟುಂಬದ ವಲಸೆಯ ವಿವರಗಳನ್ನು ಬರೆದು ಗ್ರಂಥಾಲಯಕ್ಕೆ ಒಪ್ಪಿಸಿದರೆ ಹತ್ತು ವರ್ಷಗಳಲ್ಲಿ ಸೀಮೆಯ ಒಂದು ಆಕರಭಂಡಾರವೇ ಸಿದ್ಧವಾಗುತ್ತದೆ. ಶತಮಾನಗಳ ಕಾಲ ಇತರರ ಬರಹಕ್ಕೆ ವಸ್ತುವಾಗಿದ್ದ ಜನಸಮುದಾಯದಲ್ಲಿ ಮೊದಲ ಸಲ ಅಕ್ಷರ ಕಲಿತ ತಲೆಮಾರು ತನ್ನ ಚರಿತ್ರೆಯನ್ನು ತಾನೇ ಬರೆಯುವುದು ಸುರಪುರದ ಕಾಲೇಜುಗಳಿಂದ ಆಗಬೇಕಾದ ಮುಖ್ಯ ಕಾರ್ಯವಾಗಿದೆ.