ಹೆಬ್ಬೆರಳಿಗೊಂದು ಕೆಲಸ: ಕ್ಯಾಮೆರಾದ ಗುಂಡಿಯೂ ಫೋಕಸ್ಸೂ

ಶಿವರಾತ್ರಿಯ ಸಮಯದಲ್ಲಿ ಚಿಕ್ಕಬಳ್ಳಾಪುರದ ಸಮೀಪದ ನಂದಿ ಗ್ರಾಮದಲ್ಲಿ ಭೋಗನಂದೀಶ್ವರನ ರಥೋತ್ಸವ ನಡೆಯುತ್ತದೆ. ನಿಮ್ಮ ಕಾಲೇಜಿನ ಕ್ಯಾಮೆರಾ ಅಂದು ನಿಮ್ಮ ಕೈಯಲ್ಲಿದೆ ಎಂದುಕೊಳ್ಳಿ. ರಥ ನಿಂತಿದೆ, ಕಳಶದ ಚಿತ್ರ ತೆಗೆಯಲು ಯಾವ ಅವಸರವೂ ಇಲ್ಲ. ಅಷ್ಟರಲ್ಲಿ ಹಗ್ಗ ಬಿಗಿಯುತ್ತದೆ, ಗಾಲಿ ಅಲುಗುತ್ತದೆ, ಹಗ್ಗ ಹಿಡಿದವರು ನಿಮ್ಮ ಕಡೆಗೇ ಬರತೊಡಗುತ್ತಾರೆ. ನೀವು ಗುಂಡಿ ಒತ್ತುತ್ತೀರಿ. ಮನೆಗೆ ಬಂದು ನೋಡಿದರೆ ಎಳೆಯುವವರ ಮುಖಗಳೆಲ್ಲ ಮಸುಕು, ಹಿಂದಿನ ಗಾಲಿ ಮಾತ್ರ ಸ್ಪಷ್ಟ. ಆ ರಥವನ್ನು ಮತ್ತೆ ಎಳೆಯುವುದು ಮುಂದಿನ ವರ್ಷ.

ಇದರಲ್ಲಿ ಕ್ಯಾಮೆರಾದ ದೋಷವೇನೂ ಇಲ್ಲ. ನಿಂತ ವಸ್ತುವಿಗೆ ತಕ್ಕ ಕ್ರಮದಲ್ಲಿ ಅದನ್ನು ಇಟ್ಟಿದ್ದೀರಿ, ಅದು ಹಾಗೆಯೇ ನಡೆದುಕೊಂಡಿದೆ. ಪಠ್ಯಪುಸ್ತಕದಲ್ಲಿ ನಾಭೀಕರಣ ಎಂದು ನೀವು ಓದುವ ಫೋಕಸ್, ಇಂದಿನ ಕ್ಯಾಮೆರಾಗಳಲ್ಲಿ ತಾನಾಗಿಯೇ ಆಗುತ್ತದೆ. ಇದಕ್ಕೆ ಮುಖ್ಯವಾಗಿ ಎರಡು ಕ್ರಮಗಳಿವೆ. ಮೊದಲನೆಯದರಲ್ಲಿ ಒಮ್ಮೆ ಫೋಕಸ್ ಆದರೆ ಅಲ್ಲಿಗೇ ನಿಲ್ಲುತ್ತದೆ. ಕ್ಯಾನನ್ ಇದನ್ನು ‘ಒನ್ ಶಾಟ್’ ಎಂದೂ, ನಿಕಾನ್ ‘ಎ.ಎಫ್.-ಎಸ್’ ಎಂದೂ ಕರೆಯುತ್ತವೆ. ಎರಡನೆಯದರಲ್ಲಿ ಗುಂಡಿ ಒತ್ತಿರುವವರೆಗೂ ಫೋಕಸ್ ಬದಲಾಗುತ್ತಲೇ ಇರುತ್ತದೆ. ಇದು ‘ಸರ್ವೋ’ ಅಥವಾ ‘ಎ.ಎಫ್.-ಸಿ’. ಓಡುವ ವಸ್ತು ಮುಂದಿನ ಕ್ಷಣ ಎಲ್ಲಿರಬಹುದೆಂಬ ಲೆಕ್ಕವನ್ನೂ ಈ ಕ್ರಮ ಹಾಕಿಕೊಳ್ಳುತ್ತದೆ.

ಒಂದರಿಂದ ಇನ್ನೊಂದಕ್ಕೆ ಹೋಗಲು ಹಲವು ಕ್ಯಾಮೆರಾಗಳಲ್ಲಿ ಕಣ್ಣನ್ನು ಕಿಂಡಿಯಿಂದ ತೆಗೆದು, ಪರದೆಯ ಮೇಲಿನ ಪಟ್ಟಿಯಲ್ಲಿ ಹುಡುಕಬೇಕು. ರಥದ ಮುಂದೆ ನಿಂತು ಪಟ್ಟಿ ಓದುವವರಿಗೆ ಚಿತ್ರ ಸಿಗುವುದಿಲ್ಲ. ಆದ್ದರಿಂದ ಆ ಬದಲಾವಣೆಯನ್ನು ಬೆರಳ ತುದಿಗೇ ತಂದುಕೊಳ್ಳಬೇಕು. ಕ್ಯಾಮೆರಾ ಪಕ್ಕದಲ್ಲಿದ್ದರೆ ಕೈಗೆತ್ತಿಕೊಂಡೇ ಮುಂದೆ ಓದಿ.

ಮಾರಾಟಕ್ಕೆ ಬರುವ ಕ್ಯಾಮೆರಾದಲ್ಲಿ ಒಂದೇ ಗುಂಡಿ ಎರಡು ಕೆಲಸ ಮಾಡುತ್ತದೆ. ಅರ್ಧ ಒತ್ತಿದರೆ ಫೋಕಸ್, ಪೂರ್ತಿ ಒತ್ತಿದರೆ ಚಿತ್ರ. ಈ ಎರಡನ್ನೂ ಬೇರ್ಪಡಿಸಿ, ಫೋಕಸ್ಸನ್ನು ಹಿಂಬದಿಯ ಒಂದು ಗುಂಡಿಗೆ, ಅಂದರೆ ಹೆಬ್ಬೆರಳಿಗೆ, ಒಪ್ಪಿಸಿಬಿಡಬಹುದು. ಫೋಕಸ್ ಮಾಡುವ ಕ್ಯಾಮೆರಾ ಸಾಮಾನ್ಯರ ಕೈಗೆ ಬಂದದ್ದು 1977ರಲ್ಲಿ, ಕೊನಿಕಾ ಸಂಸ್ಥೆಯ ಸಿ35 ಎ.ಎಫ್. ಮೂಲಕ. ಮಸೂರ ಬದಲಿಸಬಲ್ಲ ದೊಡ್ಡ ಕ್ಯಾಮೆರಾಗಳಲ್ಲಿ 1985ರ ಮಿನೋಲ್ಟಾ 7000 ಇದನ್ನು ಯಶಸ್ವಿಯಾಗಿ ತಂದಿತು. ಹೆಬ್ಬೆರಳಿನ ಉಪಾಯ ಬಂದದ್ದು 1989ರಲ್ಲಿ, ಕ್ಯಾನನ್ ಇ.ಓ.ಎಸ್. 630ರಲ್ಲಿ. ಅದಕ್ಕೂ ಹಿಂದೆ ನಮ್ಮ ಟಿ.ಎನ್.ಎ. ಪೆರುಮಾಳ್ ಅವರಂಥ ವನ್ಯಜೀವಿ ಛಾಯಾಗ್ರಾಹಕರು ಕೈಯಿಂದಲೇ ಉಂಗುರ ತಿರುಗಿಸಿ ಫೋಕಸ್ ಮಾಡುತ್ತಿದ್ದರು. ಫೋಕಸ್ ಒಂದು ಕೈಯದು, ಚಿತ್ರ ಇನ್ನೊಂದು ಕೈಯದು. ಹೆಬ್ಬೆರಳಿನ ಗುಂಡಿ ಆ ಹಳೆಯ ಪಾಲುಗಾರಿಕೆಯನ್ನೇ ಮರಳಿ ತಂದಿದೆ ಎನ್ನಬಹುದು.

ಲಾಭವೇನು? ಕ್ಯಾಮೆರಾವನ್ನು ಸದಾ ಎರಡನೆಯ ಕ್ರಮದಲ್ಲೇ ಇಡಿ. ಹೆಬ್ಬೆರಳು ಒತ್ತಿ ಹಿಡಿದರೆ ಕ್ಯಾಮೆರಾ ಬೆನ್ನಟ್ಟುತ್ತದೆ. ಬೆರಳೆತ್ತಿದರೆ ಫೋಕಸ್ ಅಲ್ಲೇ ನಿಲ್ಲುತ್ತದೆ. ಪಟ್ಟಿಯನ್ನು ಮುಟ್ಟದೆಯೇ ಎರಡೂ ಕ್ರಮಗಳು ನಿಮ್ಮವಾದವು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವನ್ನು ನೀವು ಬಲ್ಲಿರಿ. 1938ರ ಏಪ್ರಿಲ್ 25ರಂದು ಗುಂಡೇಟಿಗೆ ಬಲಿಯಾದವರ ಸ್ಮಾರಕ ಅಲ್ಲಿದೆ, ಸಾಲು ಸಾಲು ನಾಗರಕಲ್ಲುಗಳಿವೆ. ಒಂದು ಕಲ್ಲಿನ ಹೆಡೆಗೆ ಫೋಕಸ್ ಮಾಡಿ, ಬೆರಳೆತ್ತಿ, ಚೌಕಟ್ಟನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಎಷ್ಟು ಚಿತ್ರ ಬೇಕಾದರೂ ತೆಗೆಯಿರಿ. ಫೋಕಸ್ ಕದಲುವುದಿಲ್ಲ.

ದುಬಾರಿ ಕ್ಯಾಮೆರಾಗಳಲ್ಲಿ ‘ಎ.ಎಫ್.-ಆನ್’ ಎಂಬ ಗುಂಡಿ ಇದಕ್ಕೆಂದೇ ಇರುತ್ತದೆ. ಅದಿಲ್ಲದಿದ್ದರೆ ನಿರಾಶರಾಗಬೇಡಿ. ಕ್ಯಾನನ್‌ನ ಕಡಿಮೆ ಬೆಲೆಯ ಡಿ.ಎಸ್.ಎಲ್.ಆರ್.ಗಳಲ್ಲಿ ನಕ್ಷತ್ರದ ಗುರುತಿನ ಗುಂಡಿಗೆ, ನಿಕಾನ್‌ನವುಗಳಲ್ಲಿ ‘ಎ.ಇ.-ಎಲ್/ಎ.ಎಫ್.-ಎಲ್’ ಗುಂಡಿಗೆ ಈ ಕೆಲಸ ವಹಿಸಬಹುದು. ಸೆಟಪ್ ಅಥವಾ ಕಸ್ಟಮ್ ಎಂಬ ವಿಭಾಗದಲ್ಲಿ ಗುಂಡಿಗಳ ಕೆಲಸ ಬದಲಿಸುವ ಸಾಲು ಇರುತ್ತದೆ. ಅರ್ಧ ಒತ್ತಿದಾಗ ಫೋಕಸ್ ಆಗುವುದು ನಿಂತಿದೆಯೇ ಎಂದು ಪರೀಕ್ಷಿಸಿಕೊಳ್ಳಿ; ಅದು ಉಳಿದಿದ್ದರೆ ಎರಡು ಬೆರಳುಗಳೂ ಒಂದೇ ಕೆಲಸಕ್ಕೆ ಜಗಳವಾಡುತ್ತವೆ.

ಎರಡನೆಯ ಗುಂಡಿಯ ಅಗತ್ಯ ನಂದಿಬೆಟ್ಟದ ಮೇಲೆ ತಿಳಿಯುತ್ತದೆ. ಬಂಡೆಗಳ ನಡುವಿನ ಕುರುಚಲಿನಲ್ಲಿ ಹಳದಿ ಕೊರಳಿನ ಪಿಕಳಾರ ಇದೆ. ದಕ್ಷಿಣ ಭಾರತದ ಕಲ್ಲುಬೆಟ್ಟಗಳಲ್ಲಿ ಮಾತ್ರ ಬದುಕುವ, ಅಪಾಯದ ಅಂಚಿನಲ್ಲಿರುವ ನಾಚಿಕೆಯ ಹಕ್ಕಿ ಇದು. ಇಂಥದನ್ನು ಕಂಡೆ ಎಂದು ಹೇಳಿದರೆ ಸಾಲದು, ಕೊರಳಿನ ಹಳದಿ ಕಾಣುವ ಒಂದು ಚಿತ್ರ ಬೇಕು. ಹಕ್ಕಿ ಪೊದೆಯೊಳಗೆ ಕೂತಾಗ ಫೋಕಸ್ಸಿನ ಕ್ಷೇತ್ರ ಒಂದು ಚುಕ್ಕಿಯಷ್ಟಿರಬೇಕು. ಇಲ್ಲದಿದ್ದರೆ ಕ್ಯಾಮೆರಾ ಹತ್ತಿರದ ಮುಳ್ಳುಕಡ್ಡಿಯನ್ನೇ ಹಿಡಿಯುತ್ತದೆ. ಹಾರಿದಾಗ ಕ್ಷೇತ್ರ ಅಗಲವಾಗಿರಬೇಕು. ಚುಕ್ಕಿಯೊಳಗೆ ಹಾರುವ ಹಕ್ಕಿಯನ್ನು ನಿಲ್ಲಿಸಲು ಯಾರಿಂದಲೂ ಆಗದು. ಮೇಲ್ದರ್ಜೆಯ ಹಲವು ಕ್ಯಾಮೆರಾಗಳಲ್ಲಿ ಎಫ್.ಎನ್. ಮೊದಲಾದ ಇನ್ನೊಂದು ಗುಂಡಿಗೆ, ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಅಗಲ ಕ್ಷೇತ್ರಕ್ಕೆ ಹೋಗು ಎಂದು ಹೇಳಿಡಬಹುದು. ಬಿಟ್ಟರೆ ಮತ್ತೆ ಚುಕ್ಕಿ. ಹಕ್ಕಿಯನ್ನು ಹೊರಗೆ ಬರಿಸಲು ಮೊಬೈಲಿನಲ್ಲಿ ಅದರ ಕೂಗು ಕೇಳಿಸುವವರಿದ್ದಾರೆ. ನೀವು ಹಾಗೆ ಮಾಡಬೇಡಿ.

ಕಬಡ್ಡಿಯ ಕಷ್ಟ ಬೇರೆ. ಚಿಂತಾಮಣಿಯ ಯಾವುದಾದರೂ ಮೈದಾನದ ಅಂಚಿನಲ್ಲಿ ನಿಂತು ನೋಡಿ. ದಾಳಿಗೆ ಬಂದವನು ಮತ್ತು ನಿಮ್ಮ ನಡುವೆ ಇನ್ನೊಬ್ಬ ಆಟಗಾರ ಹಾಯುತ್ತಾನೆ, ಕ್ಯಾಮೆರಾ ಅವನಿಗೆ ಒಲಿಯುತ್ತದೆ. ಅವನು ಹಾಯುವ ಕ್ಷಣದಲ್ಲಿ ಹೆಬ್ಬೆರಳೆತ್ತಿ ಮತ್ತೆ ಒತ್ತಿದರೆ ಸಾಕು. ಅಡ್ಡಬಂದುದಕ್ಕೆ ಎಷ್ಟು ಬೇಗ ತಿರುಗಬೇಕೆಂದು ನಿಗದಿ ಮಾಡುವ ಸೌಲಭ್ಯವೂ ಕೆಲವು ಕ್ಯಾಮೆರಾಗಳಲ್ಲಿದೆ.

ಇನ್ನು ಶಿಡ್ಲಘಟ್ಟ. ರೇಷ್ಮೆಗೂಡಿನ ಮಾರುಕಟ್ಟೆಯ ಬಿಳಿ ಗೂಡುಗಳ ರಾಶಿಗೆ ಕ್ಯಾಮೆರಾ ಹಿಡಿದರೆ ಮಸೂರ ಹಿಂದಕ್ಕೂ ಮುಂದಕ್ಕೂ ತಡಕಾಡುವುದುಂಟು. ಕಾರಣ ಹೀಗಿದೆ. ಕ್ಯಾಮೆರಾ ಮಸೂರದ ಎರಡು ಅಂಚುಗಳಿಂದ ಬಂದ ಬೆಳಕಿನಲ್ಲಿ ಎರಡು ಬಿಂಬಗಳನ್ನು ಪಡೆದು ಹೋಲಿಸುತ್ತದೆ. ಅವು ಒಂದಕ್ಕೊಂದು ಕೂಡಿದರೆ ಫೋಕಸ್ ಸರಿ. ಕೂಡದಿದ್ದರೆ, ಯಾವ ಕಡೆ ಎಷ್ಟು ಸರಿದಿವೆ ಎಂಬುದರಿಂದ ಮಸೂರವನ್ನು ಎತ್ತ ಎಷ್ಟು ಓಡಿಸಬೇಕೆಂದು ತಿಳಿಯುತ್ತದೆ. ಆದರೆ ಹೋಲಿಸಲು ಗೆರೆಯೋ ಅಂಚೋ ಬೇಕು. ಬಿಳಿಯ ಮೇಲೆ ಬಿಳಿ, ಸಾಲದ್ದಕ್ಕೆ ಮಂದ ಬೆಳಕು; ಹಿಡಿಯಲು ಏನೂ ಸಿಗುವುದಿಲ್ಲ. ತಟ್ಟೆಯ ಅಂಚಿಗೆ, ಇಲ್ಲವೇ ಗೂಡು ಹಿಡಿದು ನೋಡುವ ರೀಲರ್‌ನ ಬೆರಳಿಗೆ ಫೋಕಸ್ ಮಾಡಿ ಹೆಬ್ಬೆರಳೆತ್ತಿ. ನೂಲು ಬಿಚ್ಚುವ ಕಡೆ ಬಿಸಿನೀರಿನ ಹಬೆ ಇರುತ್ತದೆ. ಅಲ್ಲಿಯೂ ಇದೇ ಉಪಾಯ.

ಹುಳುಮನೆಯಲ್ಲಿ ಮಾತ್ರ ಈ ಉಪಾಯವೂ ಸೋಲುತ್ತದೆ. ಹಣ್ಣಾದ ಹುಳು ಚಂದ್ರಿಕೆಯ ಮೇಲೆ ಕೂತು, ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತ ನೂಲು ಸುತ್ತಿಕೊಳ್ಳುತ್ತದೆ. ಹತ್ತಿರದಿಂದ ನೋಡುವಾಗ ಸ್ಪಷ್ಟವಾಗಿ ಕಾಣುವ ಆಳ ಕೆಲವೇ ಮಿಲಿಮೀಟರ್. ತಾನಾಗಿ ಫೋಕಸ್ ಮಾಡುವ ಯಂತ್ರಕ್ಕೆ ಇದು ಒಗ್ಗದು. ಕೈ ಫೋಕಸ್ಸಿಗೆ ಬದಲಿಸುವ ಕೆಲಸವನ್ನು ಒಂದು ಗುಂಡಿಗೆ ವಹಿಸಲು ಸೋನಿ ಮೊದಲಾದ ಕ್ಯಾಮೆರಾಗಳಲ್ಲಿ ಅವಕಾಶವಿದೆ. ನಿಮ್ಮದರಲ್ಲಿ ಇಲ್ಲದಿದ್ದರೆ, ಹೆಬ್ಬೆರಳನ್ನು ಒತ್ತದೆಯೇ ಇದ್ದು, ಕ್ಯಾಮೆರಾ ಹಿಡಿದ ನೀವೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಯಿರಿ. ಒಳಗೆ ಹೋಗುವ ಮೊದಲು ಬೆಳೆಗಾರರ ಅನುಮತಿ ಕೇಳಿ, ಚಪ್ಪಲಿ ಹೊರಗೆ ಬಿಡಿ. ಕಾಲಿನ ಧೂಳಿನೊಡನೆ ಒಳಬರುವ ರೋಗ ಅವರ ಇಡೀ ಬೆಳೆಯನ್ನು ಕೆಡಿಸಬಲ್ಲದು.

ಇಷ್ಟು ಓದಿ ಹತ್ತು ಗುಂಡಿಗಳಿಗೆ ಹತ್ತು ಕೆಲಸ ಹಂಚುವ ಆಸೆ ಬರಬಹುದು. ಎರಡು ಸಾಕೆಂದು ನನ್ನ ಅಭಿಪ್ರಾಯ. ಮೂರನೆಯದನ್ನು ಅವಸರದಲ್ಲಿ ಬೆರಳು ಮರೆಯುತ್ತದೆ. ಆ ಎರಡನ್ನು ಬೀದಿಯ ಕೋಳಿ, ಸೈಕಲ್ಲು, ಬಸ್ ನಿಲ್ದಾಣದ ಬಸ್ಸುಗಳ ಮೇಲೆ ಒಂದು ವಾರ ಅಭ್ಯಾಸ ಮಾಡಿ. ಚಿತ್ರಗಳನ್ನು ಅಳಿಸಿಹಾಕಿದರೆ ಖರ್ಚೇನೂ ಇಲ್ಲ.

ಕಾಲೇಜಿನ ಕ್ಯಾಮೆರಾವಾದರೆ ಒಂದು ಎಚ್ಚರಿಕೆ. ನಿಮ್ಮ ನಂತರ ತೆಗೆದುಕೊಂಡವರು ಎಂದಿನಂತೆ ಅರ್ಧ ಒತ್ತುತ್ತಾರೆ, ಫೋಕಸ್ ಆಗುವುದಿಲ್ಲ, ವಾರ್ಷಿಕೋತ್ಸವದ ಚಿತ್ರಗಳೆಲ್ಲ ಮಸುಕಾಗುತ್ತವೆ. ಮೇಲಿನ ಚಕ್ರದಲ್ಲಿ ಸಿ1 ಅಥವಾ ಯು1 ಎಂಬ ಗುರುತಿದ್ದರೆ ನಿಮ್ಮ ಏರ್ಪಾಡನ್ನು ಅಲ್ಲಿ ಉಳಿಸಿ, ಕ್ಯಾಮೆರಾ ಮರಳಿಸುವಾಗ ಚಕ್ರವನ್ನು ಮೊದಲಿನ ಸ್ಥಾನಕ್ಕೆ ತಿರುಗಿಸಿ. ಅದಿಲ್ಲದಿದ್ದರೆ ಗುಂಡಿಗಳ ಮೂಲ ಕೆಲಸವನ್ನು ಮತ್ತೆ ಹೊಂದಿಸಿಕೊಡಿ. ಮದುವೆಮನೆಯಲ್ಲಿ ಸೋದರಮಾವನ ಕೈಗೆ ಕ್ಯಾಮೆರಾ ಕೊಟ್ಟು ನೀವೂ ಚಿತ್ರದಲ್ಲಿ ನಿಲ್ಲುವಾಗಲೂ ಅಷ್ಟೇ.