ಹುಲ್ಲುಹಾಸಿನ ಮೇಲೆ ಪಿಕಲ್‌ಬಾಲ್

ವಿಂಬಲ್ಡನ್ನಿನಲ್ಲಿ ಟೆನಿಸ್ ಆಟವು ಹುಲ್ಲಿನ ಮೇಲೆಯೇ ನಡೆಯುತ್ತಿರುವಾಗ, ಅದರ ದಾಯಾದಿಯೆನ್ನಬಹುದಾದ ಪಿಕಲ್‌ಬಾಲನ್ನು ಮನೆಯ ಹಿಂದಣ ಹುಲ್ಲುಹಾಸಿನಲ್ಲಿ ಏಕೆ ಆಡಬಾರದೆಂದು ಓದುಗರೊಬ್ಬರು ಕೇಳಿದ್ದಾರೆ. ಆಡಬಾರದೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ. ಆದರೆ ಚೆಂಡು ಒಪ್ಪುವುದಿಲ್ಲ. ಅದರ ಈ ಅಸಮ್ಮತಿಗೆ ಕಾರಣವನ್ನು ಅರಸಹೊರಟರೆ, ವಿಂಬಲ್ಡನ್ನಿನ ಹುಲ್ಲನ್ನು ಕುರಿತು ನಾವು ಬಹುಕಾಲದಿಂದ ಪೋಷಿಸಿಕೊಂಡು ಬಂದಿರುವ ಭ್ರಾಂತಿಯೊಂದೂ ಬಯಲಾಗುತ್ತದೆ.

1965ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯಕ್ಕೆ ಸೇರಿದ ಬೇನ್‌ಬ್ರಿಜ್ ದ್ವೀಪದಲ್ಲಿ, ಹಳೆಯ ಬ್ಯಾಡ್ಮಿಂಟನ್ ಅಂಕಣವೊಂದರ ಮೇಲೆ ಜನಿಸಿದ ಈ ಆಟದ ಚೆಂಡು, ಮೈತುಂಬ ರಂಧ್ರಗಳುಳ್ಳ ಪ್ಲಾಸ್ಟಿಕ್ಕಿನ ಗೋಳ. ಅದರ ತೂಕ ಟೆನಿಸ್ ಚೆಂಡಿನ ಅರ್ಧಕ್ಕಿಂತಲೂ ಕಡಮೆ. 78 ಅಂಗುಲ ಎತ್ತರದಿಂದ ಗ್ರಾನೈಟ್ ಶಿಲೆಯ ಮೇಲೆ ಬೀಳಗೊಟ್ಟಾಗ ಅದು 30ರಿಂದ 34 ಅಂಗುಲದವರೆಗೆ ಪುಟಿಯತಕ್ಕದ್ದೆಂಬುದು ನಿಯಮ. ಕಲ್ಲಿನ ಮೇಲೆಯೇ ತನ್ನ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುವ ಈ ಬಡಪಾಯಿ, ಅಳಿದುಳಿದ ಶಕ್ತಿಯನ್ನು ಎಸಳುಗಳನ್ನು ಬಾಗಿಸುವುದಕ್ಕೂ ಸಡಿಲ ಮಣ್ಣನ್ನು ಅದುಮುವುದಕ್ಕೂ ವ್ಯಯಮಾಡಿದ ಮೇಲೆ, ಮೇಲೇಳುವ ಮಾತೆಲ್ಲಿ?

ಹಾಗಾದರೆ ಟೆನಿಸ್ ಚೆಂಡನ್ನು ಹುಲ್ಲು ಪುಟಿಸುವುದೆಂತು? ಪುಟಿಸುವುದು ಹುಲ್ಲಲ್ಲ, ಮಣ್ಣು! ವಿಂಬಲ್ಡನ್ನಿನವರು ರೈ ಹುಲ್ಲನ್ನು ಪಂದ್ಯಕಾಲದಲ್ಲಿ ಕೇವಲ 8 ಮಿಲಿಮೀಟರಿಗೆ ಕತ್ತರಿಸಿ, ಅದರಡಿಯ ಜೇಡಿಮಣ್ಣಿಗೆ ರೋಲರ್ ಎಳೆದು, ನೀರನ್ನು ಅಳೆದಳೆದು ಕೊಟ್ಟು, ನೆಲವನ್ನು ಒಣಗಿಸಿ ಬಿಗಿಗೊಳಿಸುತ್ತಾರೆ. ಚೆಂಡನ್ನು ಮೇಲಕ್ಕೆ ಕಳುಹುವ ಕಾರ್ಯವೆಲ್ಲವೂ ಆ ಬಿಗಿದ ಮಣ್ಣಿನದು, ಬೇರಿನಿಂದ ಮಣ್ಣನ್ನು ಹಿಡಿದಿಟ್ಟು ಮೇಲ್ಮೈಯನ್ನು ನುಣುಪಾಗಿಸುವುದಷ್ಟೆ ಹುಲ್ಲಿನ ಪಾಲು. ಕ್ರಿಕೆಟ್ ಪಿಚ್ಚಿನ ಆರೈಕೆಯನ್ನು ಕಂಡ ನಮ್ಮವರಿಗೆ ಇದು ಅಪರಿಚಿತವೇನಲ್ಲ. ಆದರೂ, ಹುಲ್ಲಿಗೆ ತಾಗಿದೊಡನೆ ಚೆಂಡಿಗೆ ವೇಗ ಬರುತ್ತದೆಂಬ ಮಂತ್ರವನ್ನು ಬಲ್ಲವರೂ ಜಪಿಸುತ್ತಲೇ ಇರುತ್ತಾರೆ! ಹುಲ್ಲು ದಾನಶೂರನಲ್ಲ, ಘರ್ಷಣೆ ಅಲ್ಪವಾದುದರಿಂದ ಚೆಂಡು ಕಳೆದುಕೊಳ್ಳುವ ವೇಗ ಕಡಮೆ, ಪುಟಿತ ತಗ್ಗಾದುದರಿಂದ ಆಟಗಾರನಿಗೆ ದೊರೆಯುವ ಅವಕಾಶವೂ ಕಡಮೆ, ಇವೆರಡೂ ಕೂಡಿ ವೇಗದ ಭ್ರಮೆಯನ್ನು ಹುಟ್ಟಿಸುತ್ತವೆ.

ತಗ್ಗಾದ ಪುಟಿತವನ್ನು ಟೆನಿಸ್ ಸಹಿಸೀತು, ಪಿಕಲ್‌ಬಾಲ್ ಸಹಿಸಲಾರದು. ಸರ್ವಿಸನ್ನೂ ಅದಕ್ಕೆ ಬರುವ ಮರುಹೊಡೆತವನ್ನೂ ಒಮ್ಮೆ ನೆಲದಿಂದ ಪುಟಿದ ಬಳಿಕವೇ ಹೊಡೆಯಬೇಕೆಂಬುದು ಈ ಆಟದ ಜೀವಾಳ. ಸರ್ವಿಸ್ ಮಾಡಿದವನು ಬಲೆಯೆಡೆಗೆ ಧಾವಿಸಿ ಆಟವನ್ನು ಆರಂಭದಲ್ಲಿಯೇ ಮುಗಿಸಿಬಿಡದಂತೆ ತಡೆಯುವ ಕಟ್ಟಳೆ ಇದು. ಪುಟಿತವಿಲ್ಲದೆಡೆ ಈ ಕಟ್ಟಳೆಗೆ ಆಧಾರವೇ ಇಲ್ಲ.

ಆದುದರಿಂದ ಪ್ರಶ್ನಿಸಿದ ಮಹನೀಯರಿಗೆ ನನ್ನ ಸೂಚನೆಯಿಷ್ಟು: ಚೆಂಡನ್ನು ದೂರಿ ಹೊಸದನ್ನು ಕೊಳ್ಳುವುದಕ್ಕೆ ಮೊದಲು, ಇರುವುದನ್ನೇ ತಲೆಯೆತ್ತರದಿಂದ ನಿಮ್ಮ ಹುಲ್ಲುಹಾಸಿನ ಮೇಲೆ ಸುಮ್ಮನೆ ಬಿಡಿರಿ. ಅದು ಮೊಣಕಾಲಿನವರೆಗೆ ಎದ್ದರೆ ಧಾರಾಳವಾಗಿ ಆಡಿರಿ. ಏಳದಿದ್ದರೆ ಪುಟಿತದ ನಿಯಮವನ್ನು ಕೈಬಿಟ್ಟು, ಚೆಂಡನ್ನು ಗಾಳಿಯಲ್ಲಿಯೇ ಹೊಡೆಯುತ್ತ ಮಕ್ಕಳೊಡನೆ ಸಂತೋಷಪಡಿರಿ.